ಅಕ್ಕನ ಮಿಶ್ರಿ

ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲಾಗುತ್ತವೆ ಎಂದು ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಯಲ್ಲಿ ಯಾರಾದರೂ ಅಂದರೆ ಸಾಕು, ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟು ಪಾಠಕ್ಕೆ ನಿಲ್ಲುತ್ತಿದ್ದೆ. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ವಿಜ್ಞಾನ ಕಲಿಸಿದವನ ಚಾಳಿ, ನಿವೃತ್ತಿಯಾದರೆ ಬಿಡುತ್ತದೆಯೇ? ಹಲ್ಲಿಗೆ ಅಂಟುವ ಮೆತ್ತನೆಯ ಪೊರೆ ಪ್ಲೇಕ್. ಅದನ್ನು ಹಾಗೇ ಬಿಟ್ಟರೆ ಗಟ್ಟಿಯಾಗಿ ಟಾರ್ಟರ್ ಆಗುತ್ತದೆ, ಬೋರಿನ ನೀರು ಹಂಡೆಗೆ ಹತ್ತಿಸುವ ಬಿಳಿ ಕಿಟ್ಟದ ಹಾಗೆ. ಅದನ್ನು ಕೆರೆದು ತೆಗೆಯುವುದೇ ಸ್ಕೇಲಿಂಗ್. ಕಿಟ್ಟ ತೆಗೆದರೆ ಹಂಡೆ ತೂತು ಬೀಳುತ್ತದೇನ್ರೀ ಎಂದು ಕೇಳುತ್ತಿದ್ದೆ. ರೂಟ್ ಕೆನಾಲ್ ಎಂದರೆ ಹಲ್ಲು ಕೀಳುವುದಲ್ಲ, ಒಳಗಿನ ಕೆಟ್ಟ ನರ ತೆಗೆದು, ಶುಚಿ ಮಾಡಿ, ತುಂಬಿ ಹಲ್ಲನ್ನು ಉಳಿಸಿಕೊಳ್ಳುವುದು. ಸ್ಟೇಶನ್ ಬಜಾರದ ದವಾಖಾನೆಯಲ್ಲಿ ನನ್ನ ಎರಡು ಹಲ್ಲಿಗೆ ಅದನ್ನು ಮಾಡಿಸಿಕೊಳ್ಳುವಾಗ ಡಾಕ್ಟರರ ತಲೆ ತಿಂದು ಕಲಿತ ವಿದ್ಯೆ ಇದು. ಇಷ್ಟೆಲ್ಲ ತಿಳಿದವನು ಅಕ್ಕನಿಗೆ ಏನು ಮಾಡಿದೆ ಎಂಬುದನ್ನು ಯಾರಿಗೂ ಹೇಳಿಲ್ಲ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನ್ನನ್ನು ಸಾಕಿ ಓದಿಸಿದವಳು ಅವಳೇ. ಕಮಲಾಪುರದಲ್ಲಿ ಅವಳ ಸಂಸಾರ, ಕೆಂಪು ಬಾಳೆಯ ಸಣ್ಣ ತೋಟ. ಬೆಳಗಾದರೆ ಅವಳಿಗೆ ಮಿಶ್ರಿ ಬೇಕು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ ತಿಕ್ಕುತ್ತಾ ಕಟ್ಟೆಯ ಮೇಲೆ ಅರ್ಧ ತಾಸು ಕೂಡುತ್ತಿದ್ದಳು. ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಅದು ಹಲ್ಲುಪುಡಿ ಅಷ್ಟೇ, ಅದನ್ನು ಚಟ ಎಂದು ಯಾರೂ ಅನ್ನುವುದಿಲ್ಲ. ನಾನಾದರೂ ಅನ್ನಬೇಕಿತ್ತು. ಪ್ರತಿವರ್ಷ ತಂಬಾಕಿನ ವಿರುದ್ಧ ಮಕ್ಕಳ ಮೆರವಣಿಗೆ ಹೊರಡಿಸಿ, ಬಿಸಿಲಲ್ಲಿ ನಿಲ್ಲಿಸಿ ಭಾಷಣ ಬಿಗಿಯುತ್ತಿದ್ದವನು ನಾನು. ಅಕ್ಕನಿಗೂ ಎರಡು ಸಲ ಹೇಳಿದ್ದೆ. ಅವಳು ನಕ್ಕು, ನಿನ್ನ ಸಾಲಿ ಕಲಬುರಗ್ಯಾಗ ಇಟ್ಟು ಬಾ ಅಂದಳು. ಅಲ್ಲಿಗೆ ಸುಮ್ಮನಾದೆ.

ಎರಡು ವರ್ಷದ ಹಿಂದೆ ಅವಳ ದವಡೆ ಹಲ್ಲು ಮುರಿಯಿತು. ಕೆನ್ನೆಯ ಒಳಗೆ ಒಂದೇ ಸಮನೆ ಉರಿ ಎಂದಳು. ಕಲಬುರಗಿಗೆ ಕರೆಸಿ ಹಲ್ಲಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿದ್ದ ಡಾಕ್ಟರ್ ಹುಡುಗಿ ನನ್ನನ್ನು ಕಂಡವಳೇ ಎದ್ದು ಬಂದು ಕಾಲು ಮುಟ್ಟಿದಳು. ನನ್ನ ಶಾಲೆಯ ಹುಡುಗಿ, ಮೆರವಣಿಗೆಯಲ್ಲಿ ಮುಂದೆ ನಿಂತು ಘೋಷಣೆ ಕೂಗುತ್ತಿದ್ದವಳು. ನನಗೆ ಎದೆ ಉಬ್ಬಿತು. ಅಕ್ಕನನ್ನು ಕುರ್ಚಿಯಲ್ಲಿ ಮಲಗಿಸಿ, ಬಾಯೊಳಗೆ ಕನ್ನಡಿ ಇಟ್ಟು ನೋಡುತ್ತಾ ಅವಳು ನನ್ನನ್ನೇ ಕೇಳಿದಳು.

“ತಂಬಾಕದ ಚಟ ಏನರ ಅದೇನ್ರಿ ಸರ್?”

“ಛೇ, ನಮ್ಮ ಮನ್ಯಾಗ ಅದೆಲ್ಲ ಇಲ್ಲವ್ವಾ,” ಎಂದೆ.

ಮಾತು ತಾನಾಗಿ ಬಂದುಬಿಟ್ಟಿತು. ಅಕ್ಕ ಬಾಯಿ ತೆರೆದುಕೊಂಡೇ ನನ್ನ ಕಡೆ ಕಣ್ಣು ಹೊರಳಿಸಿದಳು. ಹಲ್ಲೆಲ್ಲ ಕಪ್ಪಗಾಗಿವೆಯಲ್ಲ ಎಂದು ಹುಡುಗಿ ಕೇಳಿದ್ದಕ್ಕೆ ಚಹಾ, ಎಲೆ ಅಡಿಕೆ ಎಂದೆ. ಅವಳು ಕಾರ್ಡಿನಲ್ಲಿ ತಂಬಾಕಿನ ಎದುರು ‘ಇಲ್ಲ’ ಎಂದು ಬರೆದಳು. ಕೆನ್ನೆಯ ಒಳಗೆ ಬಿಳಿ ಮಚ್ಚೆಯಾಗಿದೆ, ಮುರಿದ ಹಲ್ಲಿನ ಚೂಪು ತಿಕ್ಕಿ ಆಗಿರಬೇಕು ಎಂದು ಚೂಪನ್ನು ನುಣ್ಣಗೆ ತೇಯ್ದಳು. ಎರಡು ವಾರದಲ್ಲಿ ಮಚ್ಚೆ ಹೋಗದಿದ್ದರೆ ಬಯಾಪ್ಸಿ ಮಾಡಬೇಕು, ಅಂದರೆ ಆ ಜಾಗದ ಒಂದು ಚೂರು ತೆಗೆದು ಕ್ಯಾನ್ಸರ್ ಇದೆಯೋ ಇಲ್ಲವೋ ಪರೀಕ್ಷಿಸಬೇಕು ಎಂದು ನನಗೆ ಬಿಡಿಸಿ ಹೇಳಿದಳು. “ತಂಬಾಕ ಇದ್ದಿದ್ರ ಇವತ್ತೇ ಮಾಡ್ತಿದ್ವಿ ಸರ್,” ಎಂದಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಥೂ ನನ್ನ ಜನ್ಮಕ್ಕೆ.

ಮನೆಗೆ ಬರುವಾಗ ಆಟೋದಲ್ಲಿ ಅಕ್ಕ ಬಯಾಪ್ಸಿ ಅಂದರೇನು ಎಂದು ಕೇಳಿದಳು. ಓಣಿಯವರಿಗೆಲ್ಲ ಒಂದೊಂದು ಶಬ್ದ ಬಿಡಿಸಿ ಹೇಳುತ್ತಿದ್ದವನು, ಅದೊಂದು ಸಣ್ಣ ತಪಾಸಣೆ, ನಿನಗೆ ಬೇಕಾಗುವುದಿಲ್ಲ ಎಂದುಬಿಟ್ಟೆ. ಎರಡು ವಾರದ ಮೇಲೆ ಫೋನ್ ಮಾಡಿದಾಗ ನೋವಿಲ್ಲ ಅಂದಳು. ತೋಟದಲ್ಲಿ ಗೊನೆ ಇಳಿಸುವ ಕೆಲಸವಿತ್ತು, ನಾನೂ ಬಾ ಎಂದು ಒತ್ತಾಯಿಸಲಿಲ್ಲ. ಮತ್ತೆ ಅದೇ ಕುರ್ಚಿಗೆ ಅವಳು ಬಂದದ್ದು ಆರು ತಿಂಗಳ ಮೇಲೆ. ಅಷ್ಟೊತ್ತಿಗೆ ಮಚ್ಚೆ ಹುಣ್ಣಾಗಿತ್ತು, ರೊಟ್ಟಿಯ ತುಣುಕು ಹೋಗುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ.

ಈ ಸಲ ಬಯಾಪ್ಸಿ ಆಯಿತು. ಕ್ಯಾನ್ಸರ್ ಎಂದು ಬಂತು. ಹಿರಿಯ ಡಾಕ್ಟರ್ ಹಳೆಯ ಕಾರ್ಡ್ ತೆಗೆದು ನೋಡಿ, ಇಷ್ಟು ಕಪ್ಪು ಹಲ್ಲು ಕಂಡರೂ ‘ಇಲ್ಲ’ ಎಂದು ಬರೆದಿದ್ದೀಯಲ್ಲ, ಸರಿಯಾಗಿ ಕೇಳುವುದಕ್ಕೂ ಬರುವುದಿಲ್ಲವೇ ಎಂದು ಎಲ್ಲರೆದುರಿಗೆ ಆ ಹುಡುಗಿಯನ್ನು ಬೈದರು. ಅವಳು ತಲೆ ತಗ್ಗಿಸಿ ನಿಂತಳು, ನನ್ನತ್ತ ಬೆರಳು ಮಾಡಲಿಲ್ಲ. ಅಕ್ಕನೇ ಕಷ್ಟಪಟ್ಟು ಮಾತಾಡಿದಳು.

“ಅಕಿಗಿ ಬೈಬ್ಯಾಡ್ರಿ. ನಾನೇ ಕದ್ದು ತಿಕ್ಕತಿದ್ದೆ. ನನ್ನ ತಮ್ಮಗ ಗೊತ್ತಿಲ್ರಿ.”

ಆಪರೇಶನ್ನಿನಲ್ಲಿ ಅವಳ ಒಂದು ಕಡೆಯ ಕೆನ್ನೆ, ಕೆಳದವಡೆಯ ಒಂದು ಭಾಗ ತೆಗೆದರು. ಈಗ ಹಣ್ಣನ್ನೂ ಕಿವುಚಿ ಗಂಜಿಯ ಹಾಗೆ ಮಾಡಿ ಕುಡಿಸಬೇಕು. ಅವಳ ಮಾತು ಮನೆಯವರಿಗೂ ಅರ್ಧ ತಿಳಿಯುತ್ತದೆ. ಮಿಶ್ರಿಯಿಂದಲೇ ಬಂತೋ, ಅಂದೇ ನೋಡಿದ್ದರೆ ದವಡೆ ಉಳಿಯುತ್ತಿತ್ತೋ, ಖಚಿತವಾಗಿ ಹೇಳುವವರಿಲ್ಲ. ಆದರೆ ಆ ಆರು ತಿಂಗಳನ್ನು ಅವಳಿಂದ ಕಸಿದುಕೊಂಡವನು ನಾನು.

ಆಪರೇಶನ್ ಆದ ಮೇಲೆ ಆ ಹುಡುಗಿ ಅಕ್ಕನನ್ನು ನೋಡಲು ವಾರ್ಡಿಗೆ ಬಂದಿದ್ದಳು. ಹೋಗುವಾಗ ನನ್ನನ್ನು ಬಾಗಿಲ ಹತ್ತಿರ ಕರೆದು, ಮೊದಲ ದಿನ ತಾನೇ ಇನ್ನೊಮ್ಮೆ ಕೇಳಬೇಕಿತ್ತು ಎಂದು ಅತ್ತಳು. ನಾನು ಏನೋ ಹೇಳಲು ಹೋದೆ. ನಾನು ಸಂಕಟಪಡುತ್ತಿದ್ದೇನೆಂದು ತಿಳಿದು ಅವಳೇ ನನ್ನನ್ನು ಸಮಾಧಾನ ಮಾಡಿದಳು.

“ನಿಮಗ ಗೊತ್ತಿದ್ರ ನೀವು ಹೇಳೇ ಹೇಳ್ತಿದ್ರಿ ಸರ್.”

ನಾನು ಹೂಂ ಎಂದೆ.