ರಸಗುಲ್ಲದ ಡಬ್ಬಿಯ ರೂಪಾಯಿಗಳು

ಬೆಹಾಲಾದ ಮೆಟ್ರೊ ಮೆಟ್ಟಿಲ ಬಳಿ ವಿಶಾಲಾಕ್ಷಮ್ಮ ಭಿಕ್ಷುಕನ ತಟ್ಟೆಯಿಂದ ಒಂದು ರೂಪಾಯಿ ಎತ್ತಿಕೊಂಡು ಸರಸರನೆ ಹೊರಟಿದ್ದನ್ನು ನಾನು ಕಣ್ಣಾರೆ ಕಂಡೆ. ಜಿಪುಣರನ್ನು ಬೇಕಾದಷ್ಟು ನೋಡಿದ್ದೇನೆ, ಈ ಮಟ್ಟದವರನ್ನು ನೋಡಿರಲಿಲ್ಲ. ಅದೇ ತಟ್ಟೆಗೆ ಆಕೆ ಮೊದಲು ಹತ್ತರ ನೋಟು ಹಾಕಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪರಿಚಯದವರಿಗೆಲ್ಲ ಸಾರಿ ಮುಗಿದ ಮೇಲೆ ನಿಜ ಗೊತ್ತಾಯಿತು.

ಯಜಮಾನರು ಗುಂಡಪ್ಪನವರಿಗೆ ಎದೆಯ ಆಪರೇಷನ್ ಆದಾಗ ವಿಶಾಲಾಕ್ಷಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದರು. ಇವರು ಎದ್ದು ಮನೆಗೆ ಬಂದರೆ ಐದು ವರ್ಷ, ಶನಿವಾರಕ್ಕೊಂದರಂತೆ ಒಂದು ರೂಪಾಯಿಯ ನಾಣ್ಯ ತೆಗೆದಿಟ್ಟು, ಇವರನ್ನೇ ಕರೆದುಕೊಂಡು ಬೆಟ್ಟ ಹತ್ತಿ ಹುಂಡಿಗೆ ಹಾಕುತ್ತೇನೆ ಅಂತ. ಗುಂಡಪ್ಪನವರು ಎದ್ದು ಬಂದರು. ಬಂದವರೇ ಭಾಷಣ ಮುಂದುವರಿಸಿದರು. ರೈಲ್ವೆಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದರೂ, ದೇಶದ ಹಣಕಾಸು ತಮ್ಮ ಸಹಿಗಾಗಿ ಕಾದು ಕೂತಿದೆ ಎಂಬ ಭಾವನೆ ಅವರನ್ನು ಬಿಟ್ಟಿಲ್ಲ. ಹರಕೆ ಅಂತ ಬಾಯಿಬಿಟ್ಟರೆ ಉಪನ್ಯಾಸ ಗ್ಯಾರಂಟಿ. ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮುಂದಿಟ್ಟರೆ ಅವರಿಗೆ ತಿಳಿದೇಹೋಗುತ್ತದೆ. ಅದಕ್ಕೇ ಆಕೆ ನಾಣ್ಯಗಳನ್ನು ರಸಗುಲ್ಲದ ಖಾಲಿ ಡಬ್ಬಿಯಲ್ಲಿ ತುಂಬಿ ಬೇಳೆ ಡಬ್ಬದ ಹಿಂದೆ ಬಚ್ಚಿಟ್ಟರು.

ಮೊದಮೊದಲು ಸಲೀಸಾಗಿತ್ತು. ಒಂದು ರೂಪಾಯಿಯ ಸಣ್ಣ ನಾಣ್ಯ ಕಂಡರೆ ಇಲ್ಲಿನ ಬಂಗಾಳಿ ಆಟೋದವರು ‘ಚೋಲ್ಬೆ ನಾ’, ನಡೆಯೋದಿಲ್ಲ, ಎಂದು ಮುಖ ತಿರುಗಿಸುತ್ತಾರೆ. ದಿನಸಿ ಅಂಗಡಿಯ ಮಿಹಿರ್ ಅಂಥವನ್ನೆಲ್ಲ ಆರಿಸಿ, ‘ಮಾಶಿಮಾ’, ಚಿಕ್ಕಮ್ಮಾ, ಎನ್ನುತ್ತ ಈಕೆಗೆ ದಾಟಿಸಿ ಸಂತೋಷಪಡುತ್ತಿದ್ದ. ಈಚೆಗೆ ಎಲ್ಲರೂ ಫೋನಿನಲ್ಲೇ ದುಡ್ಡು ಕೊಡತೊಡಗಿ ಅವನ ಗಲ್ಲಾಪೆಟ್ಟಿಗೆಯೂ ಬರಿದಾಯಿತು.

ಐದನೆಯ ವರ್ಷ ತುಂಬಲು ಇನ್ನು ಕೆಲವೇ ಶನಿವಾರ ಉಳಿದಿದ್ದವು.

“ಮಾಶಿಮಾ, ಚಿಲ್ಲರೆ ಇಲ್ಲ. ಚಾಕಲೇಟು ತಗೊಳ್ಳಿ,” ಅಂದ ಮಿಹಿರ್.

“ದೇವರು ಚಾಕಲೇಟು ತಿನ್ನಲ್ಲಪ್ಪಾ.”

“ಹಾಗಾದ್ರೆ ಐದರ ನಾಣ್ಯ ಹಾಕಿ. ಉಳಿದ ನಾಲ್ಕು ಮುಂದಿನ ವಾರಗಳಿಗೆ ಅಡ್ವಾನ್ಸು.”

“ಅದೇನು ಲೋಕಲ್ ಟ್ರೇನಿನ ಸೀಸನ್ ಟಿಕೆಟ್ಟೇನೋ?”

ಔಷಧಿ ಅಂಗಡಿಯಲ್ಲಿ ಇಲ್ಲ. ಹೂವಿನವಳು ಮಾಲೆಯ ಸಂದಿಯಿಂದ ಫೋನು ತೆಗೆದು ತೋರಿಸಿದಳು. ಕೊನೆಗೆ ಉಳಿದದ್ದು ಮೆಟ್ರೊ ಮೆಟ್ಟಿಲ ಭಿಕ್ಷುಕ. ಹತ್ತು ಕೊಟ್ಟು ಒಂದು ತೆಗೆದುಕೊಂಡ ಈಕೆಯನ್ನು ಅವನು ಅಯ್ಯೋ ಪಾಪ ಅನ್ನುವಂತೆ ನೋಡಿದ.

ರೂಪಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಮನೆಗೆ ಬಂದರೆ ಗುಂಡಪ್ಪನವರು ಕನ್ನಡಿಯ ಮುಂದೆ ಕೈ ಆಡಿಸುತ್ತ ನಿಂತಿದ್ದರು. ಮರುದಿನ ಕನ್ನಡ ಸಂಘದಲ್ಲಿ ಅವರ ಭಾಷಣ: ‘ಚಿಲ್ಲರೆ ನಾಣ್ಯ, ದೇಶದ ಬೆನ್ನಿಗೊಂದು ಹೊರೆ’.

“ವಿಶಾಲೂ, ಆಡಿದ್ದನ್ನ ಮಾಡಿ ತೋರಿಸ್ಬೇಕು ನೋಡು. ಮನೆಯಿಂದಲೇ ಶುರು ಮಾಡ್ಬಿಟ್ಟೆ. ಬೇಳೆ ಡಬ್ಬದ ಹಿಂದೆ ನಿನ್ನ ಚಿಲ್ಲರೆ ಸಿಕ್ತು. ಬ್ಯಾಂಕಿಗೆ ಕಟ್ಟಿ ಬಂದೆ.”

“ಎಲ್ಲಾನೂ?”

“ಒಂದೂ ಬಿಡದೆ! ಕೌಂಟರಿನವನು ಗೊಣಗಿದ. ಬಿಡ್ತೀನಾ? ಕಾನೂನು ಹೇಳ್ದೆ. ತೆಪ್ಪಗೆ ಚೀಲಕ್ಕೆ ಸುರ್ಕೊಂಡ.”

ವಿಶಾಲಾಕ್ಷಮ್ಮ ಅಲ್ಲೇ ಕುರ್ಚಿಗೆ ಒರಗಿದರು. ಬ್ಯಾಂಕಿಗೆ ಓಡಿದರೆ ಯಾವ ಚೀಲ ಬಿಚ್ಚಿಸುವುದು, ಯಾವ ರೂಪಾಯಿಯನ್ನು ನನ್ನದು ಅನ್ನುವುದು? ಮತ್ತೆ ಮೊದಲಿಂದ ಶುರು ಮಾಡಿದರೆ ಇನ್ನೈದು ವರ್ಷ. ಅಷ್ಟರಲ್ಲಿ ರೂಪಾಯಿ ನಾಣ್ಯವೇ ಇರುತ್ತದೋ ಇಲ್ಲವೋ. ಇವರ ಎದೆ ತಾನೇ ಅಷ್ಟು ದಿನ ಕಾಯುತ್ತದೋ ಏನೋ. ಯಾರ ಮೇಲೆ ರೇಗುವುದು ಎಂದೂ ತೋಚಲಿಲ್ಲ. ಬಚ್ಚಿಟ್ಟವಳು ತಾನೇ. ಖಾಲಿ ಡಬ್ಬಿ ಮೇಜಿನ ಮೇಲಿತ್ತು. ಮುಷ್ಟಿಯಲ್ಲಿದ್ದುದನ್ನು ಅದಕ್ಕೆ ಹಾಕಿದರು. ಠಣ್ ಎಂದಿತು.

ಚಪ್ಪಾಳೆ ನಿರೀಕ್ಷಿಸಿದ್ದ ಗುಂಡಪ್ಪನವರಿಗೆ ಅಸಮಾಧಾನವಾಯಿತು.

“ಅದಕ್ಯಾಕೆ ಅಷ್ಟು ಮುಖ ಸಣ್ಣ ಮಾಡ್ಕೊಳ್ತೀ? ಆ ಚಿಲ್ಲರೆಗೆಲ್ಲ ಏನು ತಾನೇ ಬರ್ತಿತ್ತು, ಹೇಳು ನೋಡೋಣ?”

“ನೀವು ಬಂದಿದ್ರಿ, ಆಸ್ಪತ್ರೆಯಿಂದ.”