ಏಳನೇ ಮೂಸ್ ಏಕೆ ಇಳಿಯಲಿಲ್ಲ

ಮೂಸ್ ಎಂದರೆ ಮೂಷಿಕವಲ್ಲ. ಇದನ್ನು ಜನಕ್ಕೆ ಒಪ್ಪಿಸುವುದರಲ್ಲೇ ಮೆಹನಾಜಳ ಅರ್ಧ ಪಿಎಚ್‌ಡಿ ಮುಗಿದಿತ್ತು. ಮೈಸೂರಿನ ಹುಡುಗಿ ಅಮೆರಿಕದ ಪಿಸ್ಕಾಟವೇ ಊರಿಗೆ ಬಂದು ಐದು ವರ್ಷದಿಂದ ಇಲಿಯ ಮೇಲೆ ಓದುತ್ತಿದ್ದಾಳೆಂದು ಇಡೀ ಕನ್ನಡ ಕೂಟ ನಂಬಿತ್ತು; ಗಣೇಶನ ಹಬ್ಬಕ್ಕೆ ಉಪನ್ಯಾಸಕ್ಕೂ ಕರೆದಿತ್ತು. ಅವಳು ಹೋಗಿ, ಕುದುರೆಗಿಂತ ಎತ್ತರದ, ಜೋತ ಮೂತಿಯ, ಜಿಂಕೆಯ ಕುಲದ ಪ್ರಾಣಿಯೊಂದರ ಚಿತ್ರ ತೋರಿಸಿದಳು. ಸಭಿಕರು ಮೋಸ ಹೋದವರ ಮುಖ ಹೊತ್ತು ಊಟಕ್ಕೆ ಎದ್ದರು.

ನ್ಯೂಯಾರ್ಕಿನ ಉತ್ತರದ ಬೆಟ್ಟಗಳಲ್ಲಿ ಹದಿಮೂರು ಮೂಸ್‌ಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿದ್ದರು. ಹಿಮ ಹೊಟ್ಟೆ ಮುಟ್ಟುವಷ್ಟು ಬಿದ್ದರೆ ಅವು ಬೆಟ್ಟ ಇಳಿದು ಕಣಿವೆಯ ದಟ್ಟ ಮರಗಳಡಿ ಸೇರಬೇಕು. ಇಳಿದರೆ ಥೀಸಿಸ್, ಇಲ್ಲದಿದ್ದರೆ ವಾಪಸು ಮೈಸೂರು. ಹಿಮ ಬೀಳಲಿಲ್ಲ. ಒಂದು ಚಳಿಗಾಲವಲ್ಲ, ಎರಡು. ಲ್ಯಾಪ್‌ಟಾಪಿನಲ್ಲಿ ಹದಿಮೂರು ಚುಕ್ಕೆಗಳು ಊಟವಾದ ಮೇಲಿನ ಗುಮಾಸ್ತರಂತೆ ಕೂತಲ್ಲೇ ಕೂತವು. ಅದರಲ್ಲೂ ಏಳನೆಯದು, ಈ ಚಳಿಗಾಲವಷ್ಟೇ ಪಟ್ಟಿ ಕಟ್ಟಿಸಿಕೊಂಡ, ವರ್ಷ ತುಂಬದ ಮರಿ, ಸೋಮಾರಿತನದಲ್ಲಿ ಚಿನ್ನದ ಪದಕಕ್ಕೆ ಅರ್ಹವಾಗಿತ್ತು.

"ಸೋಂಬೇರಿ, ಎದ್ದು ನಡಿಯೋ! ನನ್ ಹೊಟ್ಟೆ ಮೇಲೆ ಹೊಡೀಬೇಡ," ಎಂದು ದಿನಾ ಕಾಫಿಯ ಜೊತೆ ಅದಕ್ಕೆ ಮಂಗಳಾರತಿ ಎತ್ತುತ್ತಿದ್ದಳು.

ಭಾನುವಾರದ ಊಟ ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿ, ಅಮ್ಮನ ಗೆಳತಿ ಮಾಧವಿ ಆಂಟಿಯ ಮನೆಯಲ್ಲಿ.

"ಈ ವರ್ಷ ಮನೆ ಮುಂದಿನ ಡ್ರೈವ್‌ವೇಲಿ ಒಂದ್ಸಲಾನೂ ಸ್ನೋ ಎತ್ತಿ ಹಾಕಿಲ್ಲ ಕಣೆ. ದೇವರು ದೊಡ್ಡೋನು!"

"ದೊಡ್ಡೋನೇ ಆಂಟಿ. ನಂಗೆ ಒಂದು ಎರಡು ಅಡಿ ಸ್ನೋ ಕೊಡಬಹುದಿತ್ತು."

"ನಿನ್ನ ಇಲಿಗಳಿಗೋಸ್ಕರ ನಾನು ಸೊಂಟ ಮುರ್ಕೊಳ್ಲಾ?"

ಏಪ್ರಿಲ್‌ನಲ್ಲಿ ಏಳನೆಯದರ ಪಟ್ಟಿಯಿಂದ ಈಮೇಲ್ ಬಂತು. ಇಷ್ಟು ಗಂಟೆ ಅಲುಗಾಡಿಲ್ಲ ಎಂದರೆ ಸತ್ತಿದೆ ಎಂದರ್ಥ. ಮೆಹನಾಜ್ ಆರು ಗಂಟೆ ಡ್ರೈವ್ ಮಾಡಿ ಬೆಟ್ಟ ಹತ್ತಿದಳು. ಮರಿ ಮರದ ಬುಡದಲ್ಲಿ ಮಲಗಿತ್ತು. ಕೆರೆತ ತಾಳಲಾರದೆ ಕಾಂಡಕ್ಕೆ ಮೈ ಉಜ್ಜಿ ಉಜ್ಜಿ ಕೂದಲೆಲ್ಲ ಉದುರಿತ್ತು. ಎಲುಬು ಎಣಿಸಬಹುದಿತ್ತು. ಮೈತುಂಬ ರಕ್ತ ಕುಡಿದು ಊದಿದ ಉಣ್ಣಿ. ಹೋದ ವಸಂತದಲ್ಲಿ ಮೂಸ್‌ಗಳ ಮೈಯಿಂದ ಉದುರಿದ ಉಣ್ಣಿಗಳು ಹಿಮದ ಮೇಲೆ ಬಿದ್ದಿದ್ದರೆ ಸಾಯುತ್ತಿದ್ದವು. ಬರಿ ನೆಲ ಸಿಕ್ಕಿತು, ಸಾವಿರಗಟ್ಟಲೆ ಮೊಟ್ಟೆಯಿಟ್ಟವು.

ಅದು ಸೋಮಾರಿಯಾಗಿರಲಿಲ್ಲ. ನಡೆಯಲು ಮೈಯಲ್ಲಿ ರಕ್ತವಿರಲಿಲ್ಲ. ಸಾಯುತ್ತಿದ್ದ ಕೂಸಿಗೆ ತಾನು ದಿನಾ ಬೈದೆನಲ್ಲ ಎಂದು ಅವಳು ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಆ ತಿಂಗಳು ಇನ್ನೂ ನಾಲ್ಕು ಸತ್ತವು. ಗೈಡ್‌ಗೆ ಸಂತೋಷವೋ ಸಂತೋಷ: ಕೊನೆಗೂ ಗಟ್ಟಿ ಡೇಟಾ! ಇಳಿಯದ ಕಾರಣವೇ ಥೀಸಿಸ್ ಆಯಿತು, ಕಮಿಟಿಯೂ ಬೆನ್ನು ತಟ್ಟಿತು. ಒಂದೇ ಒಂದು ತಿದ್ದುಪಡಿ ಕೇಳಿತು. ಕೃತಜ್ಞತೆಯ ಪುಟದ ಕೊನೆಗೆ ಅವಳು "ಏಳನೆಯದೇ, ನನ್ನನ್ನು ಕ್ಷಮಿಸು" ಎಂದು ಬರೆದಿದ್ದಳು. ವಿಜ್ಞಾನದಲ್ಲಿ ಪ್ರಾಣಿಗಳ ಕ್ಷಮೆ ಕೇಳುವ ಪದ್ಧತಿ ಇಲ್ಲವಂತೆ.

ಆ ಸಾಲು ಅಳಿಸಿ ಮೆಹನಾಜ್ ಡಾಕ್ಟರ್ ಆದಳು.