‘ಹೆಚ್ಚಾಗ್ಯಾವ’ ಎಂಬ ಮಾತು

ನಮ್ಮ ಮನೆಯಲ್ಲಿ ಜೋಳ ಮುಗಿದರೆ ‘ಮುಗಿದವು’ ಎನ್ನುವಂತಿರಲಿಲ್ಲ. ‘ಜ್ವಾಳ ಹೆಚ್ಚಾಗ್ಯಾವ’ ಎನ್ನಬೇಕು. ಒಡೆದ ಬಳೆಯೂ ಹೆಚ್ಚಾಗುತ್ತಿತ್ತು, ತೀರಿದ ಎಣ್ಣೆಯೂ ಹೆಚ್ಚಾಗುತ್ತಿತ್ತು. ಇಲ್ಲ ಎಂಬ ಮಾತು ಮನೆಯೊಳಗೆ ಬಂದರೆ ಬಡತನವೂ ಅದರ ಹಿಂದೆಯೇ ಬರುತ್ತದೆ ಎಂದು ಅವ್ವ ನಂಬಿದ್ದಳು. ಚಿಕ್ಕವನಿದ್ದಾಗ ಒಮ್ಮೆ ಗಡಿಗೆಯಲ್ಲಿ ಇಣುಕಿ “ಜ್ವಾಳ ಮುಗದಾವ” ಎಂದುಬಿಟ್ಟೆ. ಅಕ್ಕ ಓಡಿಬಂದು ನನ್ನ ಬಾಯಿ ಮುಚ್ಚಿದಳು. “ಹಂಗನಬಾರ್ದೋ ತಮ್ಮಾ!”

ಅವ್ವ ಒಳಗಿನಿಂದ “ಹೆಚ್ಚಾಗ್ಯಾವ್ರಿ” ಅಂದರೆ ಸಾಕು, ಅಪ್ಪ ಮರುಮಾತಿಲ್ಲದೆ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ.

ಇಷ್ಟೂ ನನಗೆ ಗೊತ್ತಿತ್ತು. ಅದನ್ನು ಮರೆತೆ ಎಂದು ಒಪ್ಪಿಕೊಂಡು ಬರೆಯಲು ಬಹಳ ದಿನ ಬೇಕಾದವು.

ನಾನು ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರಿ. ವ್ಯಾಪಾರ ಕೈಹಿಡಿಯಿತು. ಝಳಕಿಯ ಹೆದ್ದಾರಿ ಪಕ್ಕ ಗೋದಾಮು ಆಯಿತು, ಇಂಡಿಯಲ್ಲಿ ಎರಡಂತಸ್ತಿನ ಮನೆ ಎದ್ದಿತು. ಗಂಡನನ್ನು ಕಳೆದುಕೊಂಡ ಅಕ್ಕ ಸಾಲೋಟಗಿಯಲ್ಲಿ ಒಂದೇ ಕೋಣೆಯಲ್ಲಿ ಕೌದಿ ಹೊಲಿದುಕೊಂಡು ಇದ್ದಳು. ನಮ್ಮ ಮನೆಗೆ ಬಾ ಎಂದು ಒಮ್ಮೆ ಕರೆದೆ. ಬರಲಿಲ್ಲ. ಎರಡನೇ ಸಲ ನಾನು ಕರೆಯಲಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದೆ, ಅಷ್ಟೇ. ಒಂದು ಸೋಮವಾರ ಎಂದಿನಂತೆ ಕೇಳಿದೆ:

“ಅಕ್ಕಾ, ಜ್ವಾಳ ಗೀಳ ಅದಾವಿಲ್ಲ?”

“ಹೆಚ್ಚಾಗ್ಯಾವೋ ತಮ್ಮಾ.”

“ಭೇಷ್ ಆತು ಬಿಡು. ನಮಗೂ ಒಂದು ಚೀಲ ಕಳಸು!”

“ನಿನ್ನ ಚಾಷ್ಟಿ ಇನ್ನಾ ಹೋಗ್ಲಿಲ್ಲ ನೋಡು,” ಎಂದು ನಕ್ಕಳು.

ನಾನು ತಮಾಷೆ ಮಾಡುತ್ತಿದ್ದೇನೆ, ಚೀಲ ಹೊತ್ತು ಬಂದೇ ಬರುತ್ತೇನೆ ಎಂದು ಅವಳು ತಿಳಿದುಕೊಂಡಿದ್ದಳು. ಮರುವಾರವೂ, ಅದರ ಮರುವಾರವೂ ಅದೇ ಮಾತು ಹೇಳಿದಳು. ಒಳ್ಳೆಯದಾಯಿತೆಂದುಕೊಂಡು ಫೋನ್ ಇಟ್ಟೆ.

ಆ ವಾರವೇ ಬಸವನ ಬಾಗೇವಾಡಿಯಲ್ಲಿ ಸರಳ ಬದುಕಿನ ಬಗ್ಗೆ ಒಂದು ಸಭೆ. ದಾನ ಕೊಡುವವನೆಂದು ನನಗೂ ವೇದಿಕೆಯಲ್ಲಿ ಕುರ್ಚಿ ಹಾಕಿದ್ದರು. ಅಕ್ಕನ ಮಾತು ಎತ್ತಿದೆ. ಅವಳದು ಒಂದೇ ಕೋಣೆ, ಎರಡೇ ಸೀರೆ; ಆದರೂ ಕೇಳಿದರೆ ‘ಜ್ವಾಳ ಹೆಚ್ಚಾಗ್ಯಾವ’ ಅನ್ನುತ್ತಾಳೆ, ಇಷ್ಟೆಲ್ಲ ಇರುವ ನನಗೆ ಆ ಮಾತು ಬಾಯಿಗೆ ಬರುವುದಿಲ್ಲ ಎಂದೆ. ಚಪ್ಪಾಳೆ ಬಿತ್ತು.

ಊಟದ ಹೊತ್ತಿಗೆ ಒಬ್ಬ ಮುದುಕಿ ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು.

“ಯಪ್ಪಾ, ನಿಮ್ಮಕ್ಕ ಹಂಗಂದು ಎಷ್ಟು ದಿನಾ ಆತ್ರಿ?”

“ಮೂರು ವಾರ ಆತಬೇ.”

“ಮೂರು ವಾರಾ? ನಿಂಬಿ ಹುಳಿ ಕಿವ್ಯಾಗೂ ಹೊಕ್ಕೈತೇನ್ರಿ? ತುಂಬಿದ ಗಡಿಗಿಗೆ ಹೆಚ್ಚಾಗ್ಯಾವ ಅಂತ ಯಾರಂತಾರ್ರಿ?”

ಕೈಯಲ್ಲಿದ್ದ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದೆ. ಅಲ್ಲಿಂದ ನೇರ ಸಾಲೋಟಗಿಗೆ ಕಾರು ಓಡಿಸಿದೆ.

ಬಾಗಿಲು ತೆರೆದೇ ಇತ್ತು. ಗಡಿಗೆಗಳನ್ನು ತೊಳೆದು ಬೋರಲು ಹಾಕಿದ್ದಳು. ಅರ್ಧ ಹೊಲಿದ ಕೌದಿಯಲ್ಲಿ ಸೂಜಿ ಹಾಗೇ ಚುಚ್ಚಿಕೊಂಡಿತ್ತು. ಕಣ್ಣಿಗೆ ಪೊರೆ ಬಂದು ಹೊಲಿಗೆ ನಿಂತಿತ್ತು. ಸೂಜಿ ಹಿಡಿದು ಹಿಡಿದು ಸವೆದ ಹೆಬ್ಬೆರಳನ್ನು ರೇಷನ್ ಅಂಗಡಿಯ ಮಷಿನ್ ಗುರುತಿಸುತ್ತಿರಲಿಲ್ಲ, ಹಾಗಾಗಿ ಅಕ್ಕಿಯೂ ನಿಂತಿತ್ತು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಎದ್ದು ನಿಲ್ಲಲು ಎರಡು ಸಲ ನೋಡಿದಳು, ಆಗಲಿಲ್ಲ.

ಪಕ್ಕದ ಮನೆಯ ಮುಸ್ಲಿಂ ಹೆಣ್ಣುಮಗಳು, ಕೂಲಿಗೆ ಹೋಗುವಾಕೆ, ಒಂದು ತಟ್ಟೆ ಹಿಡಿದು ಬಂದಳು.

“ಅಕ್ಕಾರು ಹೆಚ್ಚಾಗ್ಯಾವ ಅಂದ ದಿನದಿಂದ ನಾನು ಎರಡು ರೊಟ್ಟಿ ಜಾಸ್ತಿ ಬಡೀತೇನ್ರಿ. ಆದ್ರ ದಿನಾ ಇಸ್ಕೊಳ್ಳೂದಿಲ್ರಿ. ‘ಬ್ಯಾಡವ್ವ, ನಮ್ಮ ತಮ್ಮಗ ಹೇಳೇನಿ, ಇವತ್ತ ತರ್ತಾನ’ ಅಂತ ತಿರುಗಿ ಕಳಸ್ತಾರ.”

ನನ್ನ ಮೇಲಿನ ನಂಬಿಕೆಯಿಂದಲೇ ಅವಳು ಉಪವಾಸ ಇದ್ದಳು. ನಾನು ಅದನ್ನು ಸರಳತೆ ಎಂದು ಹೊಗಳಿ ಬಂದಿದ್ದೆ. ಅಪ್ಪನ ಕಾಲದಲ್ಲಿ ನಮ್ಮದು ಸರಳ ಬದುಕೇ. ಆದರೆ ಆಗ ಅವ್ವ ಹೇಳಿದ್ದು ಅಪ್ಪನಿಗೆ ಕೇಳಿಸುತ್ತಿತ್ತು. ಎರಡಂತಸ್ತಿನ ಮನೆ ಕಟ್ಟುವಾಗ ಯಾವ ಹಂತದಲ್ಲಿ ನನ್ನ ಕಿವಿ ಹೋಯಿತೆಂದು ಎಷ್ಟು ಯೋಚಿಸಿದರೂ ಗೊತ್ತಾಗುವುದಿಲ್ಲ.

ಈಗ ಅವಳ ಕೋಣೆಯಲ್ಲಿ ಜೋಳ ಇದೆ. ಕಣ್ಣಿನ ಆಪರೇಷನ್ ಆಗಿದೆ. ವಾರಕ್ಕೆರಡು ಸಲ ಹೋಗುತ್ತೇನೆ. ಮೊನ್ನೆ ಹೊಸ್ತಿಲ ಹತ್ತಿರ ಬಂದಾಗ ಪಕ್ಕದಾಕೆಗೆ ಅಕ್ಕ ಹೇಳುತ್ತಿದ್ದುದು ಕೇಳಿಸಿತು: “ಎಣ್ಣಿ ಹೆಚ್ಚಾಗೈತೆವ್ವ.” ಒಳಗೆ ಹೋಗಿ, ಏನಾದರೂ ಬೇಕೇ ಎಂದು ಕೇಳಿದೆ.

“ಎಣ್ಣಿ ಮುಗದೈತಿ,” ಎಂದಳು.

ಅರವತ್ತು ವರ್ಷಗಳಲ್ಲಿ ಆ ಮಾತು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು.

“ಹಂಗನಬಾರ್ದಲ್ಲಕ್ಕಾ?”

“ನಿನಗ ತಿಳೀಬೇಕಲ್ಲಪಾ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಮೊಳೆಗೆ ತೂಗುಹಾಕಿದ್ದ ಚೀಲ ತೆಗೆದುಕೊಂಡು ಎಣ್ಣೆಗೆ ಹೊರಟೆ. ಅಪ್ಪನಂತೆ ಹೆಗಲಿಗೆ ಹಾಕಿಕೊಳ್ಳಲು ನಾಚಿಕೆಯಾಯಿತು. ಮಡಚಿ ಕೈಯಲ್ಲಿ ಹಿಡಿದುಕೊಂಡು ನಡೆದೆ.